ಹುಡುಗಿ ಎಷ್ಟು ಎತ್ತರ?

ಗಿರಾಕಿ ನಮ್ಮ ಅಂಗಡಿಯನ್ನು ಜನ್ಮದಲ್ಲಿ ಮರೆಯಬಾರದು, ಹಾಗೆ ನಡೆದುಕೊಳ್ಳಬೇಕು ಎಂದು ಈಗಿನ ವ್ಯಾಪಾರಸ್ಥರು ಮಾತಿಗೊಮ್ಮೆ ಹೇಳುತ್ತಾರೆ. ಸರಿ ಸ್ವಾಮಿ, ನಡೆದುಕೊಳ್ಳಿ. ಗಿರಾಕಿ ಮರೆಯದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ನನ್ನನ್ನು ಕೇಳಿ. ಕೋಲಾರದ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಆಯಸ್ಸು ಸವೆಸಿದವನು ನಾನು. ನಾರಾಯಣಪ್ಪ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಸೀರೆ ಉಡೋ ಅಣ್ಣ" ಅಂದರೆ ಮುಳಬಾಗಿಲಿನಿಂದ ಮಾಲೂರಿನವರೆಗೆ ಹೆಂಗಸರೆಲ್ಲ ಕೈ ತೋರಿಸಿ ದಾರಿ ಹೇಳುತ್ತಿದ್ದರು.

ಈಗ ಮಂಡಿ ಎರಡೂ ಹೋಗಿವೆ. ಮೊನ್ನೆ ಡಾಕ್ಟರು ಮಂಡಿ ಒತ್ತಿ ನೋಡಿ, "ಏನ್ರೀ, ಮೂಟೆ ಹೊರೋ ಕೆಲಸ ಮಾಡ್ತಿದ್ರಾ?" ಎಂದರು. "ಇಲ್ಲ ಸಾರ್, ಮದುವೆ ಹೆಣ್ಣಾಗಿದ್ದೆ" ಅಂದೆ. ಅವರು ನನ್ನ ತಲೆಯೂ ಕೆಟ್ಟಿದೆ ಅಂದುಕೊಂಡು ಚೀಟಿ ಬರೆದು ಕಳಿಸಿದರು. ಜವಳಿ ಅಂಗಡಿಗೆ ಹೊಸದಾಗಿ ಸೇರುವವರಿಗಾದರೂ ಆ ಮಾತು ಅರ್ಥವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕ್ಯಾಲನೂರಿನವನು. ಎಪ್ಪತ್ತರ ದಶಕದ ಶುರುವಿನಲ್ಲಿ ಅಂಗಡಿಗೆ ಸೇರಿದೆ. ಆಗ ಜವಳಿ ಅಂಗಡಿಯೆಂದರೆ ಗಾಜಿನ ಮೇಜುಗಳಲ್ಲ, ನೆಲದ ಮೇಲೆ ಬಿಳೀ ಹಾಸಿನ ಗಾದಿ. ಗಿರಾಕಿಗಳೂ ಕೆಳಗೇ ಕೂರುತ್ತಿದ್ದರು, ನಾವೂ ಕೆಳಗೇ. ಯಜಮಾನರೊಬ್ಬರು ಮಾತ್ರ ಬಾಗಿಲ ಪಕ್ಕ ಗಲ್ಲಾದ ಹಿಂದೆ ಸ್ವಲ್ಪ ಎತ್ತರದಲ್ಲಿ ಕೂತು ಎಲ್ಲರ ತಲೆಯನ್ನೂ ಮೇಲಿನಿಂದ ನೋಡುತ್ತಿದ್ದರು. ಅದೇ ಬೀದಿಯಲ್ಲಿ ಇನ್ನೂ ಎರಡು ಜವಳಿ ಅಂಗಡಿಗಳು. ಎಲ್ಲರೂ ಮಾಲು ತರುತ್ತಿದ್ದುದು ಬೆಂಗಳೂರಿನ ಚಿಕ್ಕಪೇಟೆಯಿಂದಲೇ. ನಮ್ಮಲ್ಲಿ ಇದ್ದದ್ದು ಅವರಲ್ಲಿತ್ತು, ಅವರಲ್ಲಿ ಇದ್ದದ್ದು ನಮ್ಮಲ್ಲಿತ್ತು. ಇಲ್ಲಿಗೇ ಬನ್ನಿ ಎಂದು ಕರೆಯಲು ನಮಗೆ ಯಾವ ಕಾರಣವೂ ಇರಲಿಲ್ಲ.

ಮದುವೆ ಜವಳಿಗೆ ಬರುವವರು ದಂಡು ಕಟ್ಟಿಕೊಂಡು ಬರುತ್ತಿದ್ದರು. ಗಂಡಿನ ತಾಯಿ, ಅತ್ತೆಯರು, ನೆರೆಮನೆಯ ಅಜ್ಜಿ, ಹಿಂದೆ ಬೀಡಿ ಸೇದಿಕೊಂಡು ಬೇಸರ ಪಡುವ ನಾಲ್ಕು ಗಂಡಸರು. ಎಲ್ಲರೂ ಬರುತ್ತಿದ್ದರು, ಸೀರೆ ಉಡಬೇಕಾದ ಹುಡುಗಿಯೊಬ್ಬಳನ್ನು ಬಿಟ್ಟು. ಧಾರೆ ಸೀರೆ ಕೊಡುವವರು ಗಂಡಿನ ಕಡೆಯವರು. ಹುಡುಗಿಯನ್ನು ಅವರು ನೋಡಿರುತ್ತಿದ್ದುದು ಒಂದು ಸಲ, ಅದೂ ತಲೆ ತಗ್ಗಿಸಿ ಕೂತಿದ್ದಾಗ. ಆ ನೆನಪನ್ನು ಹಿಡಿದುಕೊಂಡು ಸೀರೆ ಆರಿಸಬೇಕು. ಅದಕ್ಕೇ ಅವರಿಗೆ ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ.

ಒಂದು ದಿನ ಆವನಿ ಕಡೆಯ ದಂಡು ಬಂತು. ಗಾದಿಯ ಮೇಲೆ ಸೀರೆಗಳ ಗುಡ್ಡೆಯೇ ಬಿತ್ತು. ಕೊನೆಗೆ ಅವರಲ್ಲಿ ಹಿರಿಯಳಾದ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಏಮಪ್ಪಾ, ಮಡಚಿರೋ ಸೀರೆ ನೋಡಿದ್ರೆ ಏನು ತಿಳೀತದೆ? ಉಟ್ರೆ ಎಂಗೆ ಬೀಳ್ತದೋ ಏನೋ. ನಡೀರಮ್ಮಾ, ಎದುರಂಗಡಿ ನೋಡಾನ."

ನನಗೆ ಏನನ್ನಿಸಿತೋ, ಎದ್ದು ನಿಂತೆ. "ಹುಡುಗಿ ಎಷ್ಟು ಎತ್ತರ ಅಜ್ಜೀ?" ಎಂದು ಕೇಳಿದೆ.

"ನಿನ್ನ ಭುಜಕ್ಕೆ ಬರ್ತಾಳೆ. ಯಾಕೆ?"

ಕೈಯಲ್ಲಿದ್ದ ಧರ್ಮಾವರಂ ಸೀರೆಯನ್ನು ಪ್ಯಾಂಟಿನ ಮೇಲೇ ಸುತ್ತಿ, ನೆರಿಗೆ ಹಿಡಿದು ಸಿಕ್ಕಿಸಿ, ಸೆರಗು ಹೊದ್ದು, ಅಜ್ಜಿ ಹೇಳಿದ ಎತ್ತರಕ್ಕೆ ಮಂಡಿ ಬಗ್ಗಿಸಿ ನಿಂತೆ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ನಗಲಿಲ್ಲ, ಅಲ್ಲಾಡಲೂ ಇಲ್ಲ. ನಗು ತಾನಾಗಿ ನಿಂತಿತು. ಆಮೇಲೆ ಅವರು ನನ್ನನ್ನು ನೋಡುವುದು ಬಿಟ್ಟು ಸೀರೆಯನ್ನು ನೋಡತೊಡಗಿದರು. ಅಜ್ಜಿ ಹತ್ತಿರ ಬಂದು ಸೆರಗಿನ ತುದಿ ಹಿಡಿದು, "ಬಾಗುಂದಪ್ಪಾ, ಚೆನ್ನಾಗೈತೆ. ನಮ್ಮುಡುಗಿ ನಿಂತಂಗೇ ಐತೆ" ಎಂದಳು. ಆ ಸೀರೆ ಹೋಯಿತು, ಅದರ ಹಿಂದೆ ಇಡೀ ಮದುವೆಯ ಜವಳಿಯೂ ನಮ್ಮಲ್ಲೇ ಆಯಿತು.

ನೆರಿಗೆ ಹಿಡಿಯುವುದನ್ನು ಎಲ್ಲಿ ಕಲಿತೆ ಎಂದು ಅಂಗಡಿಯಲ್ಲಿ ಎಲ್ಲರೂ ಕೇಳಿದರು. ನಾನು ಹೇಳಲಿಲ್ಲ. ನಮ್ಮ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅಪ್ಪ ಇರಲಿಲ್ಲ. ತಂಗಿ ರತ್ನ ಇನ್ನೂ ಲಂಗ ಹಾಕುವ ಹುಡುಗಿ. ದಿನಾ ಬೆಳಿಗ್ಗೆ ಅಮ್ಮನಿಗೆ ಸೀರೆ ಉಡಿಸಿ ಬಸ್ಸು ಹಿಡಿಯುತ್ತಿದ್ದವನು ನಾನೇ. ಅಮ್ಮನಿಗೆ ನೆರಿಗೆ ಒಂದು ಚೂರು ಸೊಟ್ಟಗಾದರೂ ಆಗುತ್ತಿರಲಿಲ್ಲ. "ಕೈ ಹೋದ್ರೆ ಹೋಯ್ತು, ನೋಡೋರ ಮುಂದೆ ಅಂಗೇ ಇರಕ್ಕಾಗ್ತದೇನೋ? ಬಿಚ್ಚು, ಇನ್ನೊಂದ್ಸಲ ಉಡ್ಸು" ಅನ್ನುತ್ತಿದ್ದಳು. ಇದನ್ನು ಅಂಗಡಿಯವರಿಗೆ ಯಾಕೆ ಹೇಳಬೇಕು?

ಯಜಮಾನರು ಮೊದಲ ದಿನ ಗಲ್ಲಾದಿಂದಲೇ ಕೂಗಿದ್ದರು. "ಏನ್ಲಾ ಇದು, ಅಂಗಡೀನೋ ನಾಟಕದ ಕಂಪನೀನೋ?" ವ್ಯಾಪಾರ ನೋಡಿದ ಮೇಲೆ ದನಿ ಬದಲಾಯಿತು. "ನಾರಾಯಣಪ್ಪಾ, ಮುಳಬಾಗಿಲೋರು ಬಂದವ್ರೆ, ಬಾರಪ್ಪಾ" ಎಂದು 'ಅಪ್ಪಾ' ಸೇರಿಸಿ ಕರೆಯುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅದು ಅವರದೇ ಯೋಚನೆಯಾಗಿತ್ತು. ಬಂದವರ ಮುಂದೆಲ್ಲ, "ನಾನೇ ಹೇಳ್ಕೊಟ್ಟಿದ್ದು ಇವನ್ಗೆ" ಅನ್ನುತ್ತಿದ್ದರು. ಅನ್ನಲಿ ಬಿಡಿ, ಯಜಮಾನರು ತಾನೇ.

ಆ ಕೆಲಸಕ್ಕೆ ನನ್ನದೇ ಕಟ್ಟುಪಾಡುಗಳಿದ್ದವು. ಮೊದಲು ಎತ್ತರ ಕೇಳಬೇಕು, ಆಮೇಲೆ ಮೈಬಣ್ಣ. ಸೀರೆ ಉಟ್ಟ ಮೇಲೆ ವಯಸ್ಸಿನ ಹುಡುಗಿಯರ ಕಡೆ ನೋಡಕೂಡದು, ಹಿರಿಯ ಹೆಂಗಸೊಬ್ಬಳ ಮುಖವನ್ನೇ ನೋಡಬೇಕು. ಹೆಣ್ಣಿನ ಹಾಗೆ ಸೊಂಟ ಬಳುಕಿಸಕೂಡದು, ದನಿ ಮಾಡಕೂಡದು. ಅವರು ಚರ್ಚೆ ಮುಗಿಸುವ ತನಕ ಬಗ್ಗಿಸಿದ ಮಂಡಿಯನ್ನು ಎತ್ತಕೂಡದು. ಹೆಂಗಸರ ಚರ್ಚೆ ನಿಮಗೆ ಗೊತ್ತಲ್ಲ, ಅಂಚಿನಿಂದ ಶುರುವಾಗಿ ಹುಡುಗಿಯ ಚಿಕ್ಕಮ್ಮನ ಗುಣದವರೆಗೂ ಹೋಗಿ ಬರುತ್ತಿತ್ತು. ಅಲ್ಲಿಯವರೆಗೂ ಬಗ್ಗಿಯೇ ನಿಂತಿರುತ್ತಿದ್ದೆ.

ಒಂದು ಸಲ ವೇಮಗಲ್ಲಿನ ಕಡೆಯ ಮುದುಕನೊಬ್ಬ ಒಬ್ಬನೇ ಬಂದ. ಹೆಂಡತಿಗೆ ಸೀರೆ ಬೇಕಂತೆ. ಎತ್ತರ ಕೇಳಿದೆ. "ಆಗ ನಿನ್ನಷ್ಟೇ ಇದ್ಲು. ಈಗ ಬಗ್ಗೋಗವ್ಳೆ" ಎಂದು ಕೈಯಲ್ಲಿ ತೋರಿಸಿದ. ನಾನು ಸೀರೆ ಸುತ್ತಿ ಬೆನ್ನು ಬಗ್ಗಿಸಿ, ಗೋಡೆಗೆ ಒಂದು ಕೈ ಕೊಟ್ಟು ನಿಂತೆ. ಮುದುಕ ಕಣ್ಣು ಒರೆಸಿಕೊಂಡು, "ಸಾಕು, ನೆಟ್ಟಗಾಗಪ್ಪಾ, ನೋವಾಗ್ತದೆ. ಇದನ್ನೇ ಕೊಡು" ಎಂದ. ನನಗೆ ನೋವಾಗುತ್ತದೆ ಎಂದು ಆ ಅಂಗಡಿಯಲ್ಲಿ ಹೇಳಿದವನು ಅವನೊಬ್ಬನೇ.

ನಮ್ಮ ವ್ಯಾಪಾರ ನೋಡಿ ಎದುರಂಗಡಿಯವರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಹಳ್ಳಿ ನಾಟಕಗಳಲ್ಲಿ ಹೆಣ್ಣುವೇಷ ಕಟ್ಟುವವನೊಬ್ಬನನ್ನು ಕರೆದುಕೊಂಡು ಬಂದು ಕೂರಿಸಿದರು. ಪಾಪ, ಒಳ್ಳೆಯ ಕಲಾವಿದ. ತುಟಿಗೆ ಬಣ್ಣ, ತಲೆಗೆ ಚೌರಿ, ಕೈತುಂಬ ಬಳೆ. ಸೀರೆ ಉಟ್ಟು ಗಾದಿಯ ಮೇಲೆ ಕಣ್ಣು ಹೊರಳಿಸಿಕೊಂಡು ನಡೆಯುತ್ತಿದ್ದ. ಹೆಂಗಸರು ನಕ್ಕು ಸಾಕಾಗಿ, ನಾಚಿಕೆಯಿಂದ ಎದ್ದು ನಮ್ಮ ಅಂಗಡಿಗೆ ಬಂದರು. ನನ್ನನ್ನು ನೋಡಿದಾಗ ಅವರಿಗೆ ಹುಡುಗಿ ಕಾಣುತ್ತಿದ್ದಳು, ಅವನನ್ನು ನೋಡಿದಾಗ ಅವನೇ ಕಾಣುತ್ತಿದ್ದ. ಇಷ್ಟೇ ವ್ಯತ್ಯಾಸ.

ಇದನ್ನು ಎದುರಂಗಡಿಯವರು ಬೇಗ ಕಲಿತು ಅವನನ್ನು ಕಳಿಸಿಕೊಟ್ಟರು. ನಮ್ಮ ಯಜಮಾನರು ಕಲಿಯಲಿಲ್ಲ. ಎದುರಿಗೆ ಸೇರಿದ್ದ ಜನವನ್ನು ಕಂಡು ಅವರಿಗೆ ತಲೆ ತಿರುಗಿತ್ತು. ಮುಂದಿನ ಮದುವೆ ಕಾಲಕ್ಕೆ ಬಳೆ, ಚೌರಿ ತಂದು ನನ್ನ ಮುಂದಿಟ್ಟರು. "ಇವನ್ನ ಹಾಕ್ಕೊಂಡು ಹೊರಗಡೆ ಮೆಟ್ಲ ಮೇಲೆ ನಿಂತ್ಕೋ. ರಸ್ತೇಲಿ ಹೋಗೋರೆಲ್ಲ ನಿಂತು ನೋಡ್ಬೇಕು."

"ಒಳಗಡೆ ಆದ್ರೆ ಉಡ್ತೀನಿ ಯಜಮಾನ್ರೇ. ಬೀದೀಲಿ ಬ್ಯಾಡ. ಬೀದೀಲಿ ಸೀರೆ ಯಾರೂ ನೋಡಲ್ಲ, ನನ್ನೇ ನೋಡ್ತಾರೆ."

"ಸಂಬ್ಳ ಕೊಡೋನು ನಾನಾ, ನೀನಾ?"

ಬಳೆಗೂ ಚೌರಿಗೂ ಒಪ್ಪಲಿಲ್ಲ. ಮೆಟ್ಟಿಲು ಮಾತ್ರ ತಪ್ಪಲಿಲ್ಲ. ಆ ಬೇಸಿಗೆ ಪೂರ್ತಿ ರಸ್ತೆಗೆ ಮುಖ ಮಾಡಿ ಸೀರೆ ಉಟ್ಟು ನಿಂತೆ. ಜನ ಸೇರಿದರು, ಎಲ್ಲರೂ ಗಂಡಸರು! ಜಟಕಾದವರು, ಕಾಲೇಜು ಹುಡುಗರು, ಸಂತೆಗೆ ಬಂದವರು. ಶಿಳ್ಳೆಯೇನು, ಕೇಕೆಯೇನು. ಆ ಗುಂಪನ್ನು ದಾಟಿಕೊಂಡು ಒಳಗೆ ಬರಲು ಹೆಂಗಸರು ಹಿಂಜರಿದು ಎದುರಂಗಡಿಗೆ ಹೋದರು. ವ್ಯಾಪಾರ ಬಿತ್ತು. ಯಜಮಾನರು ತಪ್ಪನ್ನು ನನ್ನ ತಲೆಗೆ ಕಟ್ಟಿ ಮತ್ತೆ ಒಳಗೆ ಕೂರಿಸಿದರು. ಆದರೆ ಅಷ್ಟು ಹೊತ್ತಿಗೆ ಊರ ಗಂಡಸರಿಗೆಲ್ಲ ನನ್ನ ಮುಖ ಪರಿಚಯವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ "ಏನ್ ನಾರಾಯಣಮ್ಮಾ, ಊಟ ಆಯ್ತಾ?" ಎಂದು ಕೂಗುವುದು ಶುರುವಾಯಿತು. ಮೊದಮೊದಲು ತಿರುಗಿ ಬಯ್ಯುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ.

ಇಷ್ಟಾದರೂ ನಾನು ಸಹಿಸಿಕೊಂಡದ್ದು ರತ್ನಳಿಗಾಗಿ. ಎಂಬತ್ತರ ದಶಕ ಬರುವ ಹೊತ್ತಿಗೆ ಅವಳು ಮದುವೆಗೆ ಬಂದಿದ್ದಳು. ಅಪ್ಪನಿಲ್ಲದ ಹುಡುಗಿ, ಮನೆಯಲ್ಲಿ ಕೈ ಬಿದ್ದ ಅಮ್ಮ. ಬಂದ ಗಂಡುಗಳೆಲ್ಲ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಶ್ರೀನಿವಾಸಪುರದ ಕಡೆಯ ಒಂದು ಸಂಬಂಧ ಕೂಡಿಬಂತು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ ಇದ್ದವರು. ಹುಡುಗ ಒಳ್ಳೆಯವನು. ರತ್ನ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವತ್ತಿನಿಂದ ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ ಗುನುಗತೊಡಗಿದಳು. ಅವಳಿಗೆ ಆ ಮದುವೆ ಬೇಕಾಗಿತ್ತು. ನನಗೆ ಅದಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಬೀಗರಿಗೆ ಜವಳಿ ಅಂಗಡಿಯಲ್ಲಿ ಕೆಲಸ ಎಂದು ಹೇಳಿದ್ದೆ. ಅದು ಸತ್ಯವೇ.

ಧಾರೆ ಸೀರೆಗೆ ಕೋಲಾರಕ್ಕೇ ಬರುತ್ತೇವೆ, ನಮ್ಮ ಹೆಂಗಸರಿಗೆ ಇಂಥ ಅಂಗಡಿಯೇ ಬೇಕಂತೆ ಎಂದು ಹುಡುಗನ ತಂದೆ ಹೇಳಿ ಕಳಿಸಿದರು. ಹೆಸರು ಕೇಳಿದರೆ ನಮ್ಮದೇ ಅಂಗಡಿ! ಅಲ್ಲಿ ಯಾರೋ ಒಬ್ಬನು ಉಟ್ಟು ತೋರಿಸುತ್ತಾನಂತೆ, ಶ್ರೀನಿವಾಸಪುರದಲ್ಲೆಲ್ಲ ಅದೇ ಮಾತಂತೆ. ಅವರು ಬರುವ ದಿನ ಬೆಳಿಗ್ಗೆ ಬೇಗ ಹೋಗಿ ಯಜಮಾನರ ಮುಂದೆ ಕೈಕಟ್ಟಿ ನಿಂತೆ.

"ಇವತ್ತು ನಮ್ಮ ತಂಗಿ ಬೀಗರು ಬರ್ತಾರೆ ಯಜಮಾನ್ರೇ. ಗಾದಿ ಮೇಲೆ ಕೂತು ಎಷ್ಟು ಸೀರೆ ಬೇಕಾದ್ರೂ ಬಿಚ್ಚಿ ಹಾಕ್ತೀನಿ. ಉಡೋದೊಂದು ಮಾತ್ರ ಇವತ್ತು ಬ್ಯಾಡ. ಗಂಡಸರೂ ಬರ್ತಾವ್ರೆ. ಹೆಣ್ಣಿನ ಅಣ್ಣ ನಾನು."

"ಅಯ್ಯೋ, ಅಷ್ಟೂ ತಿಳಿಯಲ್ವೇನೋ ನನಗೆ? ಹೋಗು, ನೆಮ್ಮದಿಯಾಗಿ ತೋರ್ಸು" ಎಂದರು. ಕಣ್ಣಲ್ಲಿ ನೀರು ಬಂತು ನನಗೆ. ಅವರ ಕಾಲು ಮುಟ್ಟಿದೆ ಕೂಡ.

ಬೀಗರು ಬಂದರು. ಹುಡುಗನ ತಾಯಿ, ಅವರ ಓರಗಿತ್ತಿಯರು, ಹುಡುಗನ ತಂದೆ, ಸೋದರಮಾವ. ನಾನೇ ಎದುರು ಹೋಗಿ ಕೂರಿಸಿದೆ, ಗೋಲಿ ಸೋಡಾ ತರಿಸಿದೆ, ಇದ್ದದ್ದರಲ್ಲೆಲ್ಲ ಒಳ್ಳೆಯ ಸೀರೆ ತೆಗೆದು ಹಾಸಿದೆ. ಹುಡುಗನ ತಾಯಿ ಒಂದನ್ನೂ ಮುಟ್ಟಲಿಲ್ಲ. "ಉಟ್ಟು ತೋರ್ಸೋರು ಒಬ್ರವ್ರಂತಲ್ಲಪ್ಪಾ, ಅವ್ರೆಲ್ಲಿ?" ಎಂದರು.

"ಅವ್ರು ಇವತ್ತು ಬಂದಿಲ್ಲಮ್ಮಾ" ಎಂದೆ.

"ಅಂಗಾದ್ರೆ ನಾಳೆ ಬರಾನ ಬಿಡ್ರಮ್ಮಾ. ಇಲ್ಲಾಂದ್ರೆ ಎದುರಗಡೆ ನೋಡ್ಕೊಂಡೋಗಾನ" ಎಂದು ಅವರು ಸೆರಗು ಸರಿಮಾಡಿಕೊಂಡು ಎದ್ದರು. ಗಲ್ಲಾದ ಕಡೆಯಿಂದ ಯಜಮಾನರ ದನಿ ಬಂತು. ಇಡೀ ಅಂಗಡಿಗೆ ಕೇಳುವ ಹಾಗೆ, ನಗುನಗುತ್ತಾ.

"ಕೂತ್ಕೊಳ್ಳಿ ಕೂತ್ಕೊಳ್ಳಿ! ಇವನೇ ಕಣಮ್ಮಾ ಅವನು! ಏನ್ಲಾ ನಾರಾಯಣಪ್ಪ, ಬೀಗರ ಮುಂದೆ ನಾಚ್ಕೆನಾ? ಏಳು, ಉಟ್ಟು ತೋರ್ಸು."

ಅವರ ಮುಖ ನೋಡಿದೆ. ಅವರು ನೋಡುತ್ತಿದ್ದುದು ಎದ್ದು ನಿಂತಿದ್ದ ಗಿರಾಕಿಗಳನ್ನು. ನಾನು ಎದ್ದೆ. ಅರಿಶಿನ ಬಣ್ಣಕ್ಕೆ ಮೆರೂನ್ ಅಂಚಿನ ಸೀರೆ ಕೈಗೆ ಸಿಕ್ಕಿತು. ಸುತ್ತಿ, ನೆರಿಗೆ ಹಿಡಿದು, ಸೆರಗು ಹೊದ್ದೆ. ಹುಡುಗಿ ಎಷ್ಟು ಎತ್ತರ ಎಂದು ಅವತ್ತೊಂದು ದಿನ ಕೇಳಬೇಕಾಗಿರಲಿಲ್ಲ. ರತ್ನ ನನ್ನ ಮೂಗಿನವರೆಗೆ ಬರುತ್ತಾಳೆ. ಅಷ್ಟಕ್ಕೆ ಮಂಡಿ ಬಗ್ಗಿಸಿ ನಿಂತೆ.

ಹುಡುಗನ ತಾಯಿ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು, "ಅಯ್ಯೋ ನಮ್ಮಮ್ಮಾ, ನಮ್ ಸೊಸೇನೇ ನಿಂತಂಗೈತೆ" ಎಂದರು. ಆ ಹೆಂಗಸಿನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಅವರ ಹಿಂದೆ ಸೋಡಾ ಕುಡಿಯುತ್ತಿದ್ದ ಸೋದರಮಾವ ಬಾಟಲಿ ಕೆಳಗಿಟ್ಟ. "ಭಾವಾ, ಮೆಟ್ಲ ಮೇಲೆ ಸೀರೆ ಉಟ್ಕೊಂಡು ನಿಂತಿದ್ದ ನಾರಾಯಣಮ್ಮ ಇವನೇ ಅಲ್ವಾ! ನಾಳೆ ಇವನ್ನ ಬೀಗ ಅಂತ ಪಂಕ್ತೀಲಿ ಪಕ್ಕದಾಗೆ ಕೂರಿಸ್ಕೋಬೇಕಾ ನಾವು?" ಹುಡುಗನ ತಂದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ನಿಂತರು. ಸೀರೆಯ ಬಿಲ್ಲಾಯಿತು. ಯಜಮಾನರು ತಾಂಬೂಲ ಕೊಟ್ಟು ಕಳಿಸಿದರು.

ಆ ವಾರವೇ ಮಧ್ಯಸ್ಥರು ಬಂದು ಜಾತಕದಲ್ಲಿ ಏನೋ ದೋಷ ಕಂಡಿದೆಯಂತೆ ಎಂದರು. ಅದೇ ಜಾತಕ, ಅವರ ಪುರೋಹಿತರೇ ನೋಡಿ ಭೇಷ್ ಅಂದಿದ್ದ ಜಾತಕ. ನಮ್ಮ ಅಂಗಡಿಗೆ ಬಂದು ಹೋದ ಮೇಲೆ ಗ್ರಹಗಳು ಎದ್ದು ಬೇರೆ ಮನೆಗೆ ಹೋಗಿ ಕೂತಿದ್ದವು! ಯಜಮಾನರ ಹತ್ತಿರ ಹೋಗಿ, "ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ, ಶ್ರೀನಿವಾಸಪುರಕ್ಕೆ ಬನ್ನಿ" ಎಂದು ಗೋಗರೆದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂಗಡಿ ವಿಷ್ಯಾ ಬೇರೆ, ನಿಮ್ಮನೆ ವಿಷ್ಯಾ ಬೇರೆ. ನಾನ್ಯಾಕಪ್ಪಾ ಮಧ್ಯ? ಆ ಸೀರೆ ವಾಪಸ್ ತಂದ್ರೆ ತಗೋತೀನಿ. ಬೇರೆಯೋರಾಗಿದ್ರೆ ತಗೋತಿರಲಿಲ್ಲ, ನಿನ್ ಮುಖ ನೋಡಿ ತಗೋತೀನಿ."

ರತ್ನ ಅಳಲಿಲ್ಲ. ಅವತ್ತು ಊಟಕ್ಕೆ ಬಡಿಸುತ್ತಾ ಕೇಳಿದಳು. "ಯಾವ ಬಣ್ಣದ್ದು ತಗೊಂಡಿದ್ರಣ್ಣಾ?"

"ಅರಿಶಿನ. ಮೆರೂನ್ ಅಂಚು."

"ಚೆನ್ನಾಗಿತ್ತಾ?"

"ಚೆನ್ನಾಗಿತ್ತಮ್ಮಾ."

"ನಿಂಗೆ ಚೆನ್ನಾಗ್ ಕಾಣ್ತಿತ್ತಾ?" ಎಂದಳು. ವ್ಯಂಗ್ಯವೋ, ನಿಜವಾಗಿ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೀರೆ ನಿಜವಾಗಿಯೂ ವಾಪಸ್ಸು ಬಂತು, ಕಪಾಟು ಸೇರಿತು. ಸ್ವಲ್ಪ ದಿನಕ್ಕೆ ಮಾಲೂರಿನ ದಂಡೊಂದು ಅದನ್ನೇ ಬೆರಳು ಮಾಡಿ ತೋರಿಸಿ ಉಟ್ಟು ತೋರಿಸು ಎಂದಿತು. ಹುಡುಗಿ ನಿನ್ನಷ್ಟೇ ಎತ್ತರ ಎಂದಿದ್ದರು. ನಾನು ಸೀರೆ ಸುತ್ತಿಕೊಂಡು ನಿಂತೆ. "ಅಯ್ಯೋ, ಅಷ್ಟು ಕುಳ್ಳಿ ಅಲ್ಲಪ್ಪಾ ನಮ್ಮುಡುಗಿ, ನೆಟ್ಟಗೆ ನಿಂತ್ಕೋ" ಎಂದು ಒಬ್ಬಾಕೆ ಅಂದಾಗಲೇ ನನಗೆ ಗೊತ್ತಾದದ್ದು. ಆ ಸೀರೆ ಮೈಮೇಲೆ ಬಿದ್ದ ತಕ್ಷಣ ಮಂಡಿ ತಾನಾಗಿ ರತ್ನಳ ಎತ್ತರಕ್ಕೆ ಬಗ್ಗಿತ್ತು. ನೆಟ್ಟಗೆ ನಿಂತೆ. ಸೀರೆ ಮಾಲೂರಿಗೆ ಹೋಯಿತು.

ಆಗಲೇ ಕೆಲಸ ಬಿಟ್ಟು ಎದ್ದು ಬರಬಾರದಿತ್ತೇ ಎಂದು ನೀವು ಕೇಳಬಹುದು. ಎಲ್ಲಿಗೆ ಬರಲಿ? ಅಮ್ಮನ ಔಷಧಿಗೆ ಯಾರು ಕೊಡುತ್ತಿದ್ದರು? ನಾರಾಯಣಮ್ಮನಿಗೆ ಇನ್ಯಾವ ಅಂಗಡಿಯಲ್ಲಿ ಬೇರೆ ಕೆಲಸ ಸಿಗುತ್ತಿತ್ತು? ಮತ್ತೆ ಅದನ್ನೇ ಮಾಡಿದೆ. ಹೆಂಗಸರು ಮತ್ತೆ ಮತ್ತೆ ನನ್ನನ್ನೇ ಹುಡುಕಿಕೊಂಡು ಬಂದರು. ಅವರಲ್ಲಿ ಒಬ್ಬರೂ ನನ್ನ ಮನೆಯಲ್ಲಿ ಮದುವೆಗೆ ಹುಡುಗಿ ಇದ್ದಾಳೆಯೇ ಎಂದು ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಜಮಾನರ ಮಗ ಗಲ್ಲಾಕ್ಕೆ ಬಂದ. ಗಾದಿ ಹೋಗಿ ಗಾಜಿನ ಮೇಜು ಬಂತು, ನನ್ನ ಜಾಗಕ್ಕೆ ಬೆಂಗಳೂರಿನಿಂದ ಗೊಂಬೆಗಳು ಬಂದವು. ಎಲ್ಲವೂ ಒಂದೇ ಎತ್ತರ, ಎಲ್ಲವೂ ಬೆಳ್ಳಗೆ. ಬೆಳಿಗ್ಗೆ ಅವಕ್ಕೆ ಸೀರೆ ಉಡಿಸುವುದು ನನ್ನ ಕೆಲಸವಾಯಿತು. ಉಡಿಸುವಾಗ ರಸ್ತೆಗೆ ಕಾಣದ ಹಾಗೆ ಪರದೆ ಕಟ್ಟಬೇಕೆಂದು ಹುಡುಗ ಅಪ್ಪಣೆ ಮಾಡಿದ. "ಬರೀ ಮೈಯಲ್ಲಿ ನಿಲ್ಲಿಸಿದ್ರೆ ಮರ್ಯಾದೆ ಅಲ್ಲ ನಾರಾಯಣಪ್ಪಾ" ಎಂದ. ಗೊಂಬೆಗೆ ಸಿಕ್ಕ ಆ ಪರದೆಯನ್ನು ನೋಡಿ ಒಬ್ಬನೇ ನಕ್ಕೆ.

ಹೊಸದಾಗಿ ಸೇರುವವರಿಗೆ ನಾನು ಹೇಳುವುದಿಷ್ಟು. ಗಿರಾಕಿಗೆ ಏನು ಬೇಕು ಎಂದು ಕೇಳಿ, ಮನಸ್ಸಿಟ್ಟು ಮಾಡಿ, ಅದು ಒಳ್ಳೆಯ ಕೆಲಸವೇ. ಆದರೆ ಅಂಗಡಿಯ ಹೆಸರಿಗಾಗಿ ನಿಮ್ಮ ಮೈಯನ್ನೇ ಕೊಡುವ ಮುನ್ನ, ಯಾವತ್ತೋ ಒಂದು ದಿನ ಬೇಡ ಎಂದರೆ ಬಿಡುತ್ತಾರೆಯೇ ಎಂದು ನೋಡಿಕೊಳ್ಳಿ. ನಾನು ಅಂಥ ಒಂದೇ ಒಂದು ದಿನ ಕೇಳಿದ್ದೆ.

ರತ್ನಳ ಮದುವೆ ಆಯಿತು, ಬಹಳ ತಡವಾಗಿ. ಹೆಂಡತಿ ಸತ್ತಿದ್ದ ಒಬ್ಬ ಮುಳಬಾಗಿಲಿನವನ ಜೊತೆ, ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವನು. ಅಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಧಾರೆ ಸೀರೆಯನ್ನು ತಾನೇ ಹೋಗಿ ತರುತ್ತೇನೆ ಎಂದು ಗಂಡಿನವರಿಗೆ ಹೇಳಿದಳಂತೆ. ತಂದಳು, ನಮ್ಮ ಅಂಗಡಿಯಿಂದಲ್ಲ, ಎದುರಂಗಡಿಯಿಂದ. ಮಡಚಿದ್ದನ್ನು ಮಡಚಿದ ಹಾಗೇ ಕಟ್ಟಿಸಿಕೊಂಡು ಬಂದಳು. ಬಿಚ್ಚಿ ತೋರಿಸಿ ಎಂದು ಕೂಡ ಕೇಳಲಿಲ್ಲವಂತೆ.

ಮದುವೆಯ ದಿನ ಬೆಳಿಗ್ಗೆ ನೆರೆಮನೆಯ ಹುಡುಗಿಯರು ಅವಳಿಗೆ ಸೀರೆ ಉಡಿಸುತ್ತಿದ್ದರು. ಹೊಸ ರೇಷ್ಮೆ, ಅವರ ಕೈಗೆ ನೆರಿಗೆ ನಿಲ್ಲುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, "ತರ್ರಮ್ಮಾ, ನಾನು ಹಿಡೀತೀನಿ" ಎಂದು ಕೈ ಚಾಚಿದೆ. ಅಮ್ಮನಿಗೆ ದಿನಾ ಉಡಿಸಿದ ಕೈ. ರತ್ನ ತಲೆಯೆತ್ತಿ ನನ್ನನ್ನು ನೋಡಿದಳು, ಹೊರಗೆ ಚಪ್ಪರದಲ್ಲಿ ಕೂತಿದ್ದ ಗಂಡಿನ ಕಡೆಯವರನ್ನು ನೋಡಿದಳು.

"ಬ್ಯಾಡಣ್ಣಾ" ಎಂದಳು ಮೆಲ್ಲಗೆ. "ನೀನು ಹೊರಗೋಗಿ ಗಂಡಸರ ಜೊತೆ ಕೂತ್ಕೋ."

ಹೋದೆ. ಬೀಗರ ಪಕ್ಕದಲ್ಲೇ ಜಾಗ ಬಿಟ್ಟಿದ್ದರು, ಕೂತೆ. ರತ್ನ ಹಸೆಮಣೆಗೆ ಬಂದಳು. ನೆರಿಗೆ ಎಡಗಡೆ ಎರಡು ಬೆರಳು ಮೇಲೆ ಹೋಗಿತ್ತು, ನಡೆದರೆ ಹಿಮ್ಮಡಿ ಕಾಣುತ್ತಿತ್ತು. ಒಂದು ಸಲ ಎಳೆದು ಸಿಕ್ಕಿಸಿದ್ದರೆ ಸರಿಹೋಗುತ್ತಿತ್ತು. ನಾನು ಏಳಲಿಲ್ಲ.